ಕೇತಿ ಅಗೆದ ಮಾಯಾವಿ

ಕಲ್ಲಿಗೂ ಮರಳಿಗೂ ಮಾತು ಬರುತ್ತಿದ್ದ ಕಾಲ ಅದು. ಆಗ ಬಂಡೆಸೀಮೆ ಅಂತ ಒಂದು ರಾಜ್ಯ. ಅಲ್ಲಿ ಒಣನಾಲಿಗೆ ಎಂಬ ಮಾಯಾವಿ ಕೆರೆ, ಹೊಳೆಗಳ ನೀರನ್ನೆಲ್ಲ ಹೀರಿ ಬೆಟ್ಟದ ಗುಹೆಯಲ್ಲಿ ಬಚ್ಚಿಟ್ಟಿದ್ದ. ನೀರು ಬಿಡಪ್ಪಾ ಎಂದು ಕೇಳಲು ಹೋದ ಜಡೆಯ ಎಂಬುವನನ್ನು ಕಲ್ಲು ಮಾಡಿ ಗುಹೆಯ ಬಾಗಿಲಲ್ಲೇ ನಿಲ್ಲಿಸಿದ. ರಾಜನ ಸೈನ್ಯ ಹೋಯಿತು, ಅರ್ಧ ದಾರಿಯಲ್ಲೇ ಬಾಯಾರಿ ಬಾಲ ಮುದುರಿಕೊಂಡು ಬಂತು.

ಜಡೆಯನ ಹೆಂಡತಿ ಕೇತಿ ಕಾಡಿನವಳು, ಗೆಡ್ಡೆ ಅಗೆದು ಬದುಕುವವರ ಮಗಳು. "ನನ್ನ ಗಂಡನನ್ನ ನಾನೇ ಕರ್ಕೊಂಡು ಬರ್ತೀನಿ" ಅಂದಳು.

"ಆನೆ ಬೇಕೇನಮ್ಮಾ?" ಎಂದ ರಾಜ.

"ಆನೆಗೆ ನೀರು ಕುಡಿಸೋರು ಯಾರು ಸ್ವಾಮಿ? ಅಗೆಯೋ ಕೋಲು ಸಾಕು."

ಮೊದಲು ಸುಡುವ ಮರಳು ಸಿಕ್ಕಿತು. "ಇಲ್ಲಿ ಹನಿ ನೀರಿಲ್ಲ, ಸುಮ್ಮನೆ ವಾಪಸ್ ಹೋಗು" ಎಂದು ಮರಳು ಗದರಿತು. ಕೇತಿ ಸುತ್ತ ನೋಡಿದಳು. ಬತ್ತಿದ ಹಳ್ಳದ ದಂಡೆಯಲ್ಲಿ ಒಂದು ಅತ್ತಿಮರ ಹಸಿರಾಗಿತ್ತು.

"ಸುಳ್ಳು ಯಾಕೆ ಹೇಳ್ತೀಯ? ಈ ಮರ ಏನು ಕುಡಿದು ಬದುಕಿದೆ?" ಎಂದು ಅದರ ಬುಡದ ಹತ್ತಿರ ತೋಡಿದಳು. ನೀರು ಜಿನುಗಿತು. ಮರಳು ನಾಚಿ ದಾರಿ ಬಿಟ್ಟಿತು.

ಆಮೇಲೆ ಮಂಜಿನ ಹುಲಿ ಅಡ್ಡ ಬಂತು. ಅದರ ಉಸಿರು ತಗುಲಿದರೆ ರಕ್ತ ಹೆಪ್ಪುಗಟ್ಟುತ್ತಿತ್ತು. ಕೇತಿ ಒಣಬಿದಿರು ಸೀಳಿ ಗರಗರ ಉಜ್ಜಿದಳು. ಕೈಯೆಲ್ಲ ಬೊಬ್ಬೆ ಎದ್ದರೂ ಬಿಡಲಿಲ್ಲ. ಕಿಡಿ ಹತ್ತಿತು, ಬೆಂಕಿ ಎದ್ದಿತು. ಹುಲಿ ಕರಗಿ ಕರಗಿ ಬೆಕ್ಕಿನಷ್ಟಾಗಿ ಬೆಂಕಿಯ ಪಕ್ಕ ಮಲಗಿತು.

"ಹುಟ್ಟಿದಾಗಿನಿಂದ ಚಳಿ ಕಣವ್ವಾ, ಇವತ್ತು ಬೆಚ್ಚಗಾಯ್ತು. ಒಂದು ಗುಟ್ಟು ಹೇಳ್ತೀನಿ ಕೇಳು. ಮಾಯಾವಿಯ ಜೀವ ಗುಹೆ ಮುಂದಿನ ಬಳ್ಳಿಯ ಗೆಡ್ಡೆಯಲ್ಲಿದೆ" ಎಂದಿತು.

ಮೂರನೆಯದು ಆ ಗೆಡ್ಡೆ. ನೆಲವೋ ಬಂಡೆಯಂಥದ್ದು. ಕೇತಿ ಸೊಂಟದಾಳ ಅಗೆದು ಗೆಡ್ಡೆ ಎತ್ತಿದಳು. ಗುಹೆಯೊಳಗೆ ಒಣನಾಲಿಗೆ ಕಿರುಚಿ ಬೂದಿಯಾದ. ಜಡೆಯನ ಕಾಲು ಸಡಿಲಾಯಿತು, ಸೊಂಟ ಬಾಗಿತು, ಕೈ ಆಡಿತು. ಕುತ್ತಿಗೆಯವರೆಗೆ ಬಂದ ಜೀವ ಅಲ್ಲೇ ನಿಂತುಬಿಟ್ಟಿತು. ತಲೆ ಕಲ್ಲಾಗಿಯೇ ಉಳಿಯಿತು.

 ಕೇತಿ ತಿರುಗಿ ಗುಂಡಿ ನೋಡಿದಳು. ಗೆಡ್ಡೆ ಎತ್ತುವಾಗಲೇ ಅದರ ತಲೆಯನ್ನು ಬಳ್ಳಿ ಸಮೇತ ಕತ್ತರಿಸಿ, ಮತ್ತೆ ಮಣ್ಣಲ್ಲಿಟ್ಟು, ಮುಚ್ಚಿ ತಟ್ಟಿದ್ದಳು. ಬರುವ ವರ್ಷಕ್ಕೂ ಗೆಡ್ಡೆ ಬೇಕಲ್ಲ, ಅವಳ ಜನ ಅಗೆಯುವುದೇ ಹಾಗೆ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು. "ಹಾಳಾದ ಕೈ" ಎಂದು ಅಳುತ್ತ ಮತ್ತೆ ಕೆದಕಿದಳು. ಗೆಡ್ಡೆಯ ತಲೆಯ ಮೇಲೆ ಬೆರಳುದ್ದದ ಒಣನಾಲಿಗೆ ಕೂತಿದ್ದ.

"ಬಿಸಿಲಿಗೆ ಒಣಗಿ ಸಾಯ್ತೀನಿ ತಾಯಿ, ಮಣ್ಣಿಗೆ ಹಾಕು."

"ಮೊದಲು ನನ್ನ ಗಂಡನ ತಲೆ ಬಿಡು. ನೀರೂ ಬಿಡು."

"ಬಿಟ್ಟರೆ ನೆಡ್ತೀಯಾ?"

"ನಮ್ಮ ಜನ ಗೆಡ್ಡೆಯ ತಲೆ ಬಿಸಾಡಿದ್ದೇ ಇಲ್ಲ."

ಮಾಯಾವಿ ಏನೋ ಗೊಣಗಿದ. ಗುಹೆಯಿಂದ ನೀರು ಭೋರ್ಗರೆದು ಇಳಿಯಿತು. ಜಡೆಯ ಕಣ್ಣು ಬಿಟ್ಟು, "ಇಷ್ಟು ದಿನ ಎಲ್ಲಿದ್ದೆ ಮಾರಾಯ್ತಿ?" ಅಂದ. ಕೇತಿಗೆ ಅಳುವಿನಲ್ಲೇ ನಗು ಬಂತು.

ಕೊಟ್ಟ ಮಾತಿನಂತೆ ಅವಳು ಆ ತಲೆಯನ್ನು ಗುಡಿಸಲ ಹಿತ್ತಲಲ್ಲಿ ನೆಟ್ಟಳು. ಪ್ರತಿ ವರ್ಷ ಬಳ್ಳಿ ಚಿಗುರುತ್ತದೆ, ಮಾಯಾವಿ ಬೆರಳುದ್ದ ಎದ್ದು ಎಲ್ಲರನ್ನೂ ಬೈಯುತ್ತಾನೆ. ಮಂತ್ರ ಹಾಕುವಷ್ಟು ಗೆಡ್ಡೆ ದಪ್ಪವಾಗುವ ಮೊದಲೇ ಕೇತಿ ಅಗೆಯುತ್ತಾಳೆ, ತಲೆ ಮಾತ್ರ ಬಿಡುತ್ತಾಳೆ. ಆ ದಿನ ರಾಜನಿಂದ ಹಿಡಿದು ಎಲ್ಲರೂ ಉಪ್ಪು, ಮೆಣಸು ಹಿಡಿದು ಅವಳ ಹಿತ್ತಲಿಗೆ ಬರುತ್ತಾರೆ. ಮಾಯಾವಿ ಸ್ವಲ್ಪ ಒಗರು, ಆದರೆ ಕೆಂಡದಲ್ಲಿ ಸುಟ್ಟರೆ ಬಲು ರುಚಿ.