ಚಾರ್ಜರ್ ಕಿತ್ತಾಗ ನಿಂತ ಸದ್ದು

ಸುರಪುರದ ನನ್ನ ಅಂಗಡಿಯಲ್ಲಿ ಹಳೆಯ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುತ್ತೇನೆ. ಟೇಪಿನಿಂದ ಯುಎಸ್‌ಬಿ ಕನ್ವರ್ಟರ್ ಮೂಲಕ ಲ್ಯಾಪ್‌ಟಾಪಿಗೆ ಬರುವ ದನಿಯಲ್ಲಿ ಕಂಪ್ಯೂಟರಿನ ಗುಂಯ್ ಸದ್ದೂ ಸೇರಿಕೊಳ್ಳುತ್ತದೆ. ಚಾರ್ಜರ್ ಕಿತ್ತರೆ ಅದು ನಿಲ್ಲುತ್ತದೆ.

ಶ್ರಾವಣದ ಒಂದು ಮಧ್ಯಾಹ್ನ ದೇವಾಪುರದ ಭಾರತಿ, ತೀರಿಕೊಂಡ ತಾಯಿ ಮಾನಮ್ಮನ ದನಿಯಿದ್ದ ಒಂದೇ ಒಂದು ಕ್ಯಾಸೆಟ್ ತಂದಳು. ಭಾರತಿಯ ಅಜ್ಜಿಯ ಹೆಣದ ಮುಂದೆ ಮಾನಮ್ಮ ಹಾಡಿಕೊಂಡು ಅತ್ತದ್ದು ಅದರಲ್ಲಿತ್ತು. ನಮ್ಮ ಕಡೆ ಹೆಂಗಸರು ಸತ್ತವರನ್ನು ಕರೆದು ಕರೆದು ಹಾಗೆ ಅಳುತ್ತಾರೆ.

ನಾನು ಹೆಡ್‌ಫೋನ್ ಹಾಕಿಕೊಂಡೆ. ಗುಂಯ್ ಸದ್ದಿನೊಳಗೆ ಮಾನಮ್ಮ, "ಭಾರತೀ, ನನ್ನ ಮಗಳ, ಬಿಟ್ಟು ಹೋದೆಲ್ಲ," ಎಂದು ಅಳುತ್ತಿದ್ದಳು. ಚಾರ್ಜರ್ ಕಿತ್ತೆ. ಸದ್ದು ನಿಂತಿತು, ಅದೇ ದನಿ "ಯವ್ವಾ, ಬಿಟ್ಟು ಹೋದೆಲ್ಲ," ಎಂದಿತು. ಮತ್ತೆ ಸಿಕ್ಕಿಸಿದೆ, ಮತ್ತೆ ಭಾರತಿಯ ಹೆಸರು. ಅವಳು ಎದುರಿನ ಸ್ಟೂಲಿನ ಮೇಲೆ ಚಹಾ ಆರಿಸಿಕೊಳ್ಳುತ್ತ ಕೂತಿದ್ದಳು.

"ಅವ್ವ ಏನಂತಾಳ್ರಿ?"

"ನಿಮ್ಮ ಅಜ್ಜಿನ್ನ ಕರ್ಯಾಕತ್ತಾಳ್ರಿ," ಎಂದೆ.

ಚಾರ್ಜರ್ ಇಲ್ಲದೆಯೇ ಇಳಿಸತೊಡಗಿದೆ. ಹತ್ತು ನಿಮಿಷಕ್ಕೆ ಬ್ಯಾಟರಿ ಮುಗಿಯಿತು. ಕ್ಯಾಸೆಟ್ಟು ಇನ್ನೂ ಅರ್ಧ ಉಳಿದಿತ್ತು.

"ಉಳಿದಿದ್ದು ನಾಳಿ ಬಂದು ಒಯ್ತೀನ್ರಿ," ಎಂದು ಭಾರತಿ ಎದ್ದಳು.

ಆಮೇಲೆ ಮೂರು ಶ್ರಾವಣ ಕಳೆದವು, ಅವಳು ಬಂದಿಲ್ಲ. ದೇವಾಪುರ ಇಲ್ಲಿಂದ ದೂರವೇನಲ್ಲ, ಆದರೂ ನಾನು ಹೋಗಿ ವಿಚಾರಿಸಿಲ್ಲ. ಕ್ಯಾಸೆಟ್ ನನ್ನ ಡ್ರಾಯರಿನಲ್ಲೇ ಇದೆ.