ಹೃಷಿಕೇಶ್ ಮುಚ್ಚಿಟ್ಟ ಫಲಿತಾಂಶ

"ಯಾರ್ರೀ ನೀವು? ನನ್ನ ಸೆಲ್‌ಗಳನ್ನು ಮುಟ್ಲಿಕ್ಕೆ ಹೇಳಿದ್ಯಾರು?!"

ಅಮ್ಮನ ಉತ್ತರಕ್ರಿಯೆ ಮುಗಿಸಿ ಡೊಂಬಿವಲಿಯಿಂದ ನವಿ ಮುಂಬೈಯ ಲ್ಯಾಬಿಗೆ ಮರಳಿದ್ದ ನಿಕಿತಾ, ತಾನು ಬೆಳೆಸುತ್ತಿದ್ದ ಜೀವಕೋಶಗಳ ತಟ್ಟೆ ಹಿಡಿದಿದ್ದವನನ್ನು ಕಂಡು ಬಾಗಿಲಲ್ಲೇ ಕೂಗಿದಳು.

"ಹೃಷಿಕೇಶ್... ಹೊಸಬ. ಸೆಲ್‌ಗಳಿಗೆ ಊಟ ಹಾಕ್ತಿದ್ದೆ. ಇಲ್ಲಾಂದ್ರೆ ಎಲ್ಲಾ ಸತ್ತೋಗ್ತಿದ್ವು..."

ಆ ಮಾತಿಗೆ ಅವಳ ಕಣ್ಣು ತುಂಬಿತು. ಅವನು ತುಟಿ ಕಚ್ಚಿಕೊಂಡ.

ಅಮ್ಮನನ್ನು ಒಯ್ದದ್ದು ಡೆಂಗ್ಯೂ. ನಾಲ್ಕು ವರ್ಷದಿಂದ ನಿಕಿತಾಳ ಸಂಶೋಧನೆಯೂ ಅದೇ ವೈರಸ್ಸಿನ ಮೇಲೆ! ಜೀವಕೋಶದಲ್ಲಿ ನಾಶವಾಗಬೇಕಾದ ಪ್ರೋಟೀನ್‌ಗಳಿಗೆ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸುವ ಪ್ರೋಟೀನೇ ಲೈಗೇಸ್. ಅದು ವೈರಸ್ಸಿಗೆ ಗುರುತು ಅಂಟಿಸಿ ಕೋಶವನ್ನು ಕಾಯುತ್ತದೆಂದು ಅವಳು ನಂಬಿದ್ದಳು.

"ನಿನ್ನ ಆ ಪ್ರೋಟೀನ್ ನನ್ನ ಮೈಯಲ್ಲೂ ಉಂಟಾ ಮಗಾ?" ಐಸಿಯುನಲ್ಲಿ ಅಮ್ಮ ಕೇಳಿದ್ದಳು.

"ಉಂಟಮ್ಮ. ಅದು ನಿನ್ನನ್ನು ಕಾಪಾಡ್ತದೆ."

ಅದೇ ಅವರಿಬ್ಬರ ಕೊನೆಯ ಮಾತುಕತೆ.

ಎರಡು ತಿಂಗಳಲ್ಲಿ ಹೃಷಿಕೇಶ್‌ಗೆ ಅವಳು ಇದನ್ನೆಲ್ಲ ಹೇಳಿಕೊಂಡಳು. ಊಟದ ಹೊತ್ತಿಗೆ ಅವನು ಬರದಿದ್ದರೆ ಡಬ್ಬಿ ತೆರೆಯಲೂ ಮನಸ್ಸಾಗುತ್ತಿರಲಿಲ್ಲ.

ಆಮೇಲೆ ಬಂತು ಆ ಮೀಟಿಂಗ್. ಗೈಡ್ ಸತ್ಯಭಾಮಾ ಮೇಡಂ ಹೇಳಿದ್ದಕ್ಕೆ ಹೃಷಿಕೇಶ್ ತಲೆ ತಗ್ಗಿಸಿಯೇ ಫಲಿತಾಂಶ ತೋರಿಸಿದ. ಲೈಗೇಸ್ ತೆಗೆದ ಕೋಶಗಳಲ್ಲಿ ವೈರಸ್ ಕಡಿಮೆಯಾಗಿತ್ತು! ವೈರಸ್ ಅದೇ ಲೈಗೇಸನ್ನು ಬಳಸಿ, ಕೋಶವನ್ನು ಕಾಯುವ ಪ್ರೋಟೀನ್‌ಗಳನ್ನೇ ನಾಶ ಮಾಡಿಸುತ್ತಿತ್ತು.

"ಯಾವಾಗ ಗೊತ್ತಾಯ್ತು?"

"ನೀವು ಬಂದ ವಾರವೇ..."

"ನನ್ನ ಕೆಲಸ ಕದ್ದು ನನ್ನಿಂದಲೇ ಮುಚ್ಚಿಟ್ರಾ?"

ಅವಳು ಎದ್ದು ಹೋದಳು.

ಸಂಜೆ ಲ್ಯಾಬ್ ಸಹಾಯಕಿ ಲೋಲಾಕ್ಷಿ ಫೋನ್ ಮಾಡಿದರು. "ಎಂತ ಕದ್ದದ್ದು ಮಗಾ? ನಿನ್ನ ಊಹೆಯೇ ಸರಿಯಾಗ್ಲಿ ಅಂತ ಅದೇ ಪರೀಕ್ಷೆ ಎಂಟು ಸಲ ಮಾಡಿದ್ದಾನೆ ಅವ! ವರದಿಯಲ್ಲಿ ನಿನ್ನ ಹೆಸರೇ ಮೊದಲು ಉಂಟು."

ಮರುದಿನ ಬೆಳಿಗ್ಗೆ, ಹತ್ತುವವರನ್ನು ತಳ್ಳಿಕೊಂಡು ನಿಕಿತಾ ಹೃಷಿಕೇಶ್ ದಿನವೂ ರೈಲು ಹತ್ತುವ ದಿವಾ ಸ್ಟೇಷನ್ನಿನಲ್ಲಿ ಇಳಿದಳು. ಅವನು ಲೋಕಲ್ ರೈಲಿಗೆ ಕಾಯುತ್ತಿದ್ದ.

"ಯಾಕೆ ಹೇಳಲಿಲ್ಲ?"

"ಅಮ್ಮಂಗೆ ನೀವು ಕೊಟ್ಟ ಮಾತು ಸುಳ್ಳು ಅಂತ ನಾನು ಹೇಗೆ ಹೇಳ್ಲಿ ನಿಕಿತಾ?"

ಅವಳಿಗೆ ಅಳು ಒತ್ತರಿಸಿ ಬಂತು. "ಅವಳು ನಂಬಿದ್ಳು ಹೃಷಿ... ಹೌದಾ ಅಂತ ಕಣ್ಣು ಮುಚ್ಚಿದ್ಳು..."

ಅವನು ಜನ ನುಗ್ಗುವ ಕಡೆಗೆ ಬೆನ್ನು ಕೊಟ್ಟು ಅವಳೆದುರು ನಿಂತ.

"ಇನ್ನು ನನ್ನಿಂದ ಏನನ್ನೂ ಮುಚ್ಚಿಡಬೇಡಿ."

"ಹಾಗಾದ್ರೆ ಇನ್ನೊಂದಿದೆ... ನಿಮ್ಮನ್ನ ತುಂಬಾ ಪ್ರೀತಿಸ್ತೀನಿ."

ಲೋಕಲ್ ಬಂತು, ಹೋಯಿತು. ಇಬ್ಬರೂ ಹತ್ತಲಿಲ್ಲ.

"ನಾನೂ..." ಎಂದಳು. "ಆದ್ರೆ ನಗ್ಲಿಕ್ಕೆ ಇನ್ನೂ ಆಗುದಿಲ್ಲ ನಂಗೆ."

"ನಗಬೇಡಿ. ಅಮ್ಮನ ಬಗ್ಗೆ ಹೇಳಿ. ನಾನು ಅವರನ್ನ ನೋಡೇ ಇಲ್ವಲ್ಲ."

"ತುಂಬಾ ಹೊತ್ತಾಗ್ತದೆ..."

"ಆಗ್ಲಿ," ಎಂದು ಅವನು ಬೆಂಚಿನಲ್ಲಿ ಕೂತು ಅವಳಿಗೆ ಜಾಗ ಮಾಡಿದ.