ಹನ್ನೆರಡು ಪಾಯಿಂಟ್ ಗಾಳಿ

“ತೂಕದ ಮಿಷನ್ ಮೇಲೆ ನಿಲ್ಲಿ.”

ಮೊದಲ ಸಲ ಮುಖ ನೋಡಿದ ಹೆಣ್ಣಿಗೆ ಯಾರಾದರೂ ಹೇಳುವ ಮಾತಾ ಇದು? ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಬೆಳಗ್ಗೆಯಿಂದ ಕಂಡಕಂಡವರ ಮೂಳೆಗಳನ್ನು ನೋಡಿ, ಡ್ಯೂಟಿ ಮುಗಿದ ಕೂಡಲೇ ಸೈಕಲ್ ತಳ್ಳಿಕೊಂಡು ಈ ರಿಪೇರಿ ಅಂಗಡಿಗೆ ಬಂದಿದ್ದಳು. ಅದು ಬೆಟ್ಟ ಇಳಿಯುವ ಸೈಕಲ್. ಹಿಂದಿನ ಚಕ್ರಕ್ಕೆ ಬೀಳುವ ಹೊಡೆತ ನುಂಗಿಕೊಳ್ಳಲು ಫ್ರೇಮಿನ ನಡುವೆ ಒಂದು ಶಾಕ್ ಇರುತ್ತದಲ್ಲ, ಅವಳದ್ದು ಹಳೆಯದಾಗಿ ಎಣ್ಣೆ ಸೋರುತ್ತಿತ್ತು. ಅದನ್ನು ತೆಗೆದು ಹಾಕಿಸಲೆಂದು ಗಾಳಿ ತುಂಬುವ ಹೊಸ ಶಾಕ್ ತರಿಸಿಕೊಂಡಿದ್ದಳು. ಅದರ ಜೊತೆ, ಗಾಳಿ ಎಷ್ಟಿದೆ ಅಂತ ತೋರಿಸುವ ಮುಳ್ಳಿದ್ದ ಪುಟ್ಟದೊಂದು ಪಂಪೂ ಬಂದಿತ್ತು.

“ಐವತ್ತೆಂಟು ಕೆಜಿ,” ಅಂದಳು, ನಿಂತಲ್ಲಿಂದ ಅಲ್ಲಾಡದೆ.

ಮೆಕ್ಯಾನಿಕ್ ತಲೆ ಎತ್ತಿದ. ಮೂವತ್ತರ ಆಸುಪಾಸು, ಮೊಣಕೈವರೆಗೂ ಗ್ರೀಸ್, ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

“ಹೆಲ್ಮೆಟ್, ಶೂ, ನೀರು ತುಂಬಿದ ಬ್ಯಾಗ್... ಬೆಟ್ಟಕ್ಕೆ ಹೇಗೆ ಹೋಗ್ತೀರೋ ಹಾಗೇ ನಿಲ್ಲಿ. ಆ ತೂಕಕ್ಕೆ ಗಾಳಿ ತುಂಬಬೇಕು.”

ಹಲ್ಲು ಕಚ್ಚಿ ನಿಂತಳು. ಮುಳ್ಳು ಅರವತ್ತೇಳಕ್ಕೆ ಹೋಗಿ ಕೂತಿತು. ಅವನೇನಾದರೂ ನಕ್ಕಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು! ಪುಣ್ಯಾತ್ಮ ನಗಲಿಲ್ಲ. ಸೀಸದ ಕಡ್ಡಿಯಲ್ಲಿ ಗೋಡೆಯ ಮೇಲೆ ಅರವತ್ತೇಳು ಅಂತ ಬರೆದುಕೊಂಡು ಕೆಲಸಕ್ಕೆ ಕೂತ.

ಎರಡು ಬೋಲ್ಟ್ ಬಿಚ್ಚಿ ಹಳೇ ಶಾಕ್ ಇಳಿಸಿದ. ಹೊಸದನ್ನು ಕೂರಿಸಿ, ಅಳತೆ ತೋರಿಸುವ ಪಾನಾದಲ್ಲಿ ಬಿಗಿ ಮಾಡಿದ. ಕೈ ನಡೆಯುತ್ತಿರುವಾಗಲೇ, ಇಷ್ಟು ಅವಸರ ಯಾಕೆ ಅಂತ ವಿಚಾರಿಸಿದ.

ಅವಳು ಹೇಳಿದಳು. ಬರುವ ಭಾನುವಾರ ಬೆಟ್ಟದ ರೇಸ್. ಇಳಿಜಾರಿನ ಕೊನೆಯಲ್ಲಿ ಆಳೆತ್ತರದ ಬಂಡೆಯ ಮೆಟ್ಟಿಲಿದೆ. ಸವಾರರೆಲ್ಲ ಅದಕ್ಕೆ ಇಟ್ಟ ಹೆಸರು ‘ಹಲ್ಲುಮುರುಕ’. ಹೋದ ವರ್ಷ ಅವಳು ಬಿದ್ದಿದ್ದು ಅಲ್ಲೇ. ಭುಜಕ್ಕೆ ಸೇರುವ ಕೊರಳೆಲುಬು ಎರಡು ತುಂಡಾಗಿತ್ತು. ಅವಳದೇ ಕೋಣೆಯಲ್ಲಿ, ಅವಳದೇ ಮಿಷನ್ನಿನ ಕೆಳಗೆ ಅವಳನ್ನು ಮಲಗಿಸಿದ್ದರು! ಬಸ್ ಡ್ರೈವರ್ ಆಗಿದ್ದ ಅಣ್ಣ ಅವತ್ತಿಂದ ಸೈಕಲ್ ಕಂಡರೆ ಶತ್ರು ಕಂಡ ಹಾಗೆ ಆಡುತ್ತಿದ್ದ. ಜಗಳವಾಡಿ, ಅತ್ತು, ಉಪವಾಸ ಕೂತು, ಕೊನೆಗೆ ಒಂದು ಒಪ್ಪಂದಕ್ಕೆ ಬಂದಿದ್ದರು. ಈ ಸಲ ಬೀಳದೆ ಇಳಿದರೆ ಅಣ್ಣ ಇನ್ನು ತುಟಿ ಪಿಟಕ್ಕೆನ್ನಬಾರದು. ಬಿದ್ದರೆ, ಇಲ್ಲವೇ ಹೆದರಿ ನಿಂತರೆ, ಸೈಕಲ್ ಮನೆಯಿಂದ ಆಚೆ. ಜೀವನಪೂರ್ತಿ.

‘ಹುಷಾರಾಗಿರಿ’ ಅನ್ನುತ್ತಾನೆ ನೋಡು ಈಗ, ಅಂದುಕೊಂಡಳು. ವರ್ಷದಿಂದ ಊರೆಲ್ಲ ಅದನ್ನೇ ಹೇಳಿ ಅವಳ ಕಿವಿ ತೂತಾಗಿತ್ತು.

“ಬಿದ್ದಾಗ ಮುಂದಿನ ಚಕ್ರ ಜಾರ್ತಾ? ಇಲ್ಲ, ಹಿಂದಿನದು ಎತ್ತಿ ಒಗೀತಾ?”

ಅಣ್ಣ, ಡಾಕ್ಟರು, ಗೆಳತಿಯರು... ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಎಲ್ಲರಿಗೂ ಅವಳು ಬಿದ್ದವಳು, ಅಷ್ಟೇ. ಹೇಗೆ ಬಿದ್ದಳು ಅಂತ ಯಾರಿಗೆ ಬೇಕಿತ್ತು?

“ಹಿಂದಿನದು ಎತ್ತಿ ಒಗೀತು,” ಅಂದಳು ಮೆಲ್ಲಗೆ.

“ಹಾಗಾದ್ರೆ ತಪ್ಪು ನಿಮ್ಮದಲ್ಲ. ಹಳೇ ಶಾಕ್ ಒತ್ತಿದಷ್ಟೇ ಬೇಗ ವಾಪಸ್ ಚಿಮ್ತಾ ಇತ್ತು.”

*ನನ್ನ ತಪ್ಪಲ್ಲ...* ಒಂದು ವರ್ಷದಿಂದ ಎದೆ ಮೇಲೆ ಕೂತಿದ್ದ ಭಾರ ಸ್ವಲ್ಪ ಸರಿದಂತಾಯಿತು. ಕಣ್ಣು ತುಂಬಿ ಬಂತು. ಥೂ, ಗುರುತಿಲ್ಲದವನ ಎದುರು ಅಳೋದಾ ಅಂತ ಹೆಲ್ಮೆಟ್ ಬೆಲ್ಟ್ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿದಳು.

ಅವನು ಪಂಪ್ ಸಿಕ್ಕಿಸಿ ಮುಳ್ಳು ನೂರೈವತ್ತು ಪಾಯಿಂಟ್ ತೋರಿಸುವವರೆಗೆ ಗಾಳಿ ತುಂಬಿದ. ಅವಳನ್ನು ಸೈಕಲ್ ಹತ್ತಿಸಿ, ಹ್ಯಾಂಡಲ್ ಹಿಡಿದುಕೊಂಡು, ಎರಡೂ ಕಾಲು ಪೆಡಲ್ ಮೇಲಿಟ್ಟು ಅಲ್ಲಾಡದೆ ಕೂರಲು ಹೇಳಿದ. ಅವಳ ಭಾರಕ್ಕೆ ಶಾಕ್ ಎಷ್ಟು ಕುಗ್ಗುತ್ತದೆ ಅಂತ ಅಳೆಯಬೇಕಿತ್ತು. ಅವನ ಮುಖ ಒಂದು ಗೇಣು ದೂರದಲ್ಲಿತ್ತು. ಅಲ್ಲಾಡಬೇಡಿ ಅಂದರೆ ಮೈ ಅಲ್ಲಾಡದೆ ಇರಬಹುದು, ಎದೆಗೆ ಯಾರು ಹೇಳುವುದು?

“ಹದಿನಾಲ್ಕು ಮಿಲಿಮೀಟರ್. ಸರಿಯಾಗಿದೆ,” ಅಂದ. ಪಾಪ, ಅವನ ದನಿಯೂ ಸ್ವಲ್ಪ ಒಣಗಿತ್ತು.

ಕೊನೆಗೆ, ಶಾಕ್ ನಿಧಾನವಾಗಿ ವಾಪಸ್ ಬರುವ ಹಾಗೆ ಕೆಂಪು ಗುಬಟನ್ನು ಎರಡು ಟಿಕ್ ತಿರುಗಿಸಿದ.

ರೇಸ್ ಮುಗಿಯುವವರೆಗೂ ಅಣ್ಣನ ಕಣ್ಣಿಗೆ ಬೀಳದಿರಲಿ ಅಂತ ಅವಳು ಸೈಕಲನ್ನು ಅಂಗಡಿಯಲ್ಲೇ ಬಿಟ್ಟಳು. ಬೆಳಗ್ಗೆ ಬಂದು ಒಯ್ದು ಬೆಟ್ಟದಲ್ಲಿ ಅಭ್ಯಾಸ ಮಾಡುವುದು, ತಂದಿಟ್ಟು ಡ್ಯೂಟಿಗೆ ಓಡುವುದು, ಸಂಜೆ ಮತ್ತೆ ಬರುವುದು. ಸಂಜೆ ಬರಲು ಏನಾದರೂ ಕಾರಣ ಬೇಕಲ್ಲ? ಪಂಪ್ ಸಿಕ್ಕಿಸಿ ಗಾಳಿ ಎಷ್ಟಿದೆ ಅಂತ ನೋಡುತ್ತಿದ್ದಳು. ಅವನು ಸ್ಟೂಲ್ ಒರೆಸಿ ಕೊಡುತ್ತಿದ್ದ. ಮಾತು ಕಡಿಮೆ, ಆದರೆ ಅವಳು ಬರುವ ಹೊತ್ತಿಗೆ ಅವನು ಕೈ ತೊಳೆದುಕೊಂಡಿರುತ್ತಿದ್ದ. ಇದನ್ನು ಅವಳು ಗಮನಿಸಿದ್ದಳು.

ಮಂಗಳವಾರ ಗಾಳಿ ನೂರಮೂವತ್ತೆಂಟು ತೋರಿಸಿತು. ನೂರೈವತ್ತಕ್ಕೆ ಏರಿಸಿದಳು. ಬುಧವಾರ ಮತ್ತೆ ನೂರಮೂವತ್ತೆಂಟು. ಮತ್ತೆ ಏರಿಸಿದಳು.

“ದಿನಾ ಪಂಪ್ ಹಾಕಿ ನೋಡ್ಬೇಡಿ,” ಅಂದ ಅವನು. ಯಾಕೆ ಅಂತ ಹೇಳಲಿಲ್ಲ.

ಗುರುವಾರ ಸಂಜೆ ಅಂಗಡಿಯ ತಿರುವಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಅಂಗಡಿ ಬಾಗಿಲಲ್ಲಿ ಅಣ್ಣ! ಖಾಕಿ ಅಂಗಿಯಲ್ಲೇ ಬಂದಿದ್ದ. ಮೆಕ್ಯಾನಿಕ್‌ನ ಎರಡೂ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದ. ಅವನು ಅಣ್ಣನ ಭುಜ ತಟ್ಟಿ ಕಳಿಸಿದ.

ಅಣ್ಣ ಬಸ್ ಹತ್ತಿ ಹೋಗುವವರೆಗೂ ಕಾದು ಒಳಗೆ ಹೋದಳು. ಯಾರು ಬಂದಿದ್ದರು ಅಂತ ಕೇಳಿದ್ದಕ್ಕೆ, ಗಿರಾಕಿ ಅಂದ. ಪಂಪ್ ಹಾಕಿದಳು. ನೂರಮೂವತ್ತೆಂಟು.

ಶುಕ್ರವಾರವೂ ಅಷ್ಟೇ. ಅವಳ ತಲೆಯೊಳಗೆ ಒಂದಕ್ಕೊಂದು ಸೇರಿಕೊಂಡಿತು. ದಿನಾ ಗಾಳಿ ಇಳಿಯುತ್ತದೆ. ನೋಡಬೇಡ ಅನ್ನುತ್ತಾನೆ. ಅಣ್ಣನ ಭುಜ ತಟ್ಟುತ್ತಾನೆ, ಗಿರಾಕಿ ಅಂತ ಸುಳ್ಳು ಹೇಳುತ್ತಾನೆ. *ಅಯ್ಯೋ, ಇವನ ಮುಂದೆ ನಾನು ಮನಸ್ಸು ಬಿಚ್ಚಿದೆನಲ್ಲ...*

“ಗಾಳಿ ಬಿಡ್ತಾ ಇರೋದು ನೀವೇ ಅಲ್ವಾ?”

ಅವನ ಕೈಯಲ್ಲಿದ್ದ ಪಾನಾ ನಿಂತಿತು. ತಾನು ಮುಟ್ಟಿಲ್ಲ ಅಂದ.

“ನಮ್ಮಣ್ಣ ಬಂದಿದ್ದು ನೋಡಿದೀನಿ. ಏನು ಕೇಳಿದ?”

ಅವನು ಪಾನಾ ಕೆಳಗಿಟ್ಟ.

“ಅದನ್ನ ಅವರ ಬಾಯಲ್ಲೇ ಕೇಳಿ. ನಾನು ಮಾತು ಕೊಟ್ಟಿದೀನಿ.”

ಮಾತು ಕೊಟ್ಟಿದ್ದಾನಂತೆ! ಅಷ್ಟು ಸಾಕಾಯಿತು ಅವಳಿಗೆ. ಹಲ್ಲುಮುರುಕದ ತುದಿಯಲ್ಲಿ ಶಾಕ್ ಕೈಕೊಟ್ಟು ಬಿದ್ದಿದ್ದರೆ ಗತಿ ಏನು ಅಂತ ಒಂದು ಸಲವಾದರೂ ಯೋಚಿಸಿದಿರಾ ಅಂತ ಕೇಳಿದಳು, ಉತ್ತರಕ್ಕೂ ಕಾಯದೆ ಸೈಕಲ್ ಎತ್ತಿಕೊಂಡು ಹೊರಟಳು. ದಾರಿಯುದ್ದಕ್ಕೂ ಅಳು. ಸೈಕಲ್ಲಿಗೋ, ಅವನಿಗೋ, ಅವಳಿಗೇ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಒಂದೇ. ಏನೇ ಆಗಲಿ, ಭಾನುವಾರ ಇಳಿದೇ ಇಳಿಯುತ್ತೇನೆ!

ಮೂರನೇ ಮಹಡಿಯ ಮನೆಗೆ ಅದನ್ನು ಹೊತ್ತು ಹತ್ತಿಸಿ, ತನ್ನ ಕೋಣೆಯಲ್ಲಿ ಮಂಚದ ಪಕ್ಕವೇ ನಿಲ್ಲಿಸಿದಳು. ಇದಕ್ಕೂ ಒಂದು ದಿಂಬು ಕೊಡಲಾ ಅಂತ ಅತ್ತಿಗೆ ಛೇಡಿಸಿದರು. ಅವಳು ನಗದೆ, ಗಾಳಿ ನೂರೈವತ್ತಕ್ಕೆ ಏರಿಸಿ, ಒಳಗಿಂದ ಬೀಗ ಹಾಕಿಕೊಂಡಳು.

ಶನಿವಾರ ಬೆಳಗ್ಗೆ ಎದ್ದವಳೇ ಪಂಪ್ ಸಿಕ್ಕಿಸಿದಳು.

ನೂರಮೂವತ್ತೆಂಟು.

ಅವಳು ಬಾಗಿಲು ಎಳೆದು ನೋಡಿದಳು. ಬೀಗ ಹಾಕಿದ ಕೋಣೆ. ಕೀಲಿ ದಿಂಬಿನ ಕೆಳಗೆ. ಯಾರು ಬಂದರು ಇಲ್ಲಿಗೆ?

ದಿನವಿಡೀ ಅಳತೆ, ಅಂಕಿಗಳ ನಡುವೆ ಬದುಕುವವಳು ಅವಳು. ಆಗ ಹೊಳೆಯಿತು. ಯಾರಾದರೂ ಬೇಕೆಂದೇ ಗಾಳಿ ಬಿಟ್ಟರೆ ಒಂದು ದಿನ ಹತ್ತು, ಇನ್ನೊಂದು ದಿನ ಇಪ್ಪತ್ತು ಇಳಿಯಬೇಕು. ದಿನಾ ಲೆಕ್ಕ ಹಾಕಿದ ಹಾಗೆ ಹನ್ನೆರಡೇ ಹೇಗೆ?

ನೂರೈವತ್ತಕ್ಕೆ ಏರಿಸಿ, ಪಂಪ್ ಬಿಚ್ಚಿ, ಆ ಕ್ಷಣವೇ ಮತ್ತೆ ಸಿಕ್ಕಿಸಿದಳು. ನೂರಮೂವತ್ತೆಂಟು. ಇನ್ನೊಮ್ಮೆ ಮಾಡಿದಳು. ನೂರಮೂವತ್ತೆಂಟು!

ಗಾಳಿ ಕದಿಯುತ್ತಿದ್ದುದು ಪಂಪಿನ ಕೊಳವೆ. ಸಿಕ್ಕಿಸಿದಾಗಲೆಲ್ಲ ಶಾಕಿನೊಳಗಿನ ಗಾಳಿ ಮೊದಲು ಆ ಖಾಲಿ ಕೊಳವೆಯನ್ನು ತುಂಬುತ್ತಿತ್ತು. ಉಳಿದದ್ದನ್ನು ಮುಳ್ಳು ತೋರಿಸುತ್ತಿತ್ತು. ಅವಳು ನೋಡದೆ ಬಿಟ್ಟಿದ್ದರೆ ನೂರೈವತ್ತು ನೂರೈವತ್ತಾಗಿಯೇ ಇರುತ್ತಿತ್ತು. ಅದಕ್ಕೇ ದಿನಾ ನೋಡಬೇಡಿ ಅಂದಿದ್ದ.

*ಎಂಥ ಮಾತಾಡಿಬಿಟ್ಟೆ ನಾನು...*

ಬಾಗಿಲು ತೆರೆದರೆ ಅಣ್ಣ ಎದುರಿಗಿದ್ದ, ಕಾಫಿ ಲೋಟ ಹಿಡಿದುಕೊಂಡು. ಅವನನ್ನೇ ಕೇಳಿದಳು. ಅಂಗಡಿಗೆ ಯಾಕೆ ಹೋಗಿದ್ದೆ? ಅಣ್ಣ ಸುಳ್ಳು ಹೇಳಲಿಲ್ಲ. ಸೈಕಲ್ ರೇಸಿಗೆ ಹೋಗದ ಹಾಗೆ ಏನಾದರೂ ಮಾಡಿ ಅಂತ ಬೇಡಿಕೊಳ್ಳಲು ಹೋಗಿದ್ದನಂತೆ. ಹೋದ ವರ್ಷ ಆಂಬುಲೆನ್ಸಿನಲ್ಲಿ ಅವಳ ಬೆಳ್ಳಗಾದ ಮುಖ ನೋಡಿದ್ದು ಈಗಲೂ ಕಣ್ಣಿಂದ ಹೋಗಿಲ್ಲವಂತೆ. ಅದನ್ನು ಹೇಳುತ್ತಾ ಅಲ್ಲಿ ಅತ್ತೇಬಿಟ್ಟನಂತೆ. ಅತ್ತಿದ್ದನ್ನು ತಂಗಿಗೆ ಹೇಳಬೇಡಿ ಅಂತ ಮಾತು ತಗೊಂಡಿದ್ದನಂತೆ.

“ಅವರು ಏನಂದ್ರು?”

“ಆಗಲ್ಲ ಅಂದ. ‘ನಿಮ್ಮ ತಂಗಿ ಬೀಳದ ಹಾಗೆ ಸೈಕಲ್ ರೆಡಿ ಮಾಡೋಕೆ ನನ್ನ ಕೈಲಿ ಆಗುತ್ತೆ. ಹೋಗದ ಹಾಗೆ ಮಾಡೋಕೆ ಆಗಲ್ಲ’ ಅಂದ.” ಅಣ್ಣ ಲೋಟವನ್ನು ಅವಳ ಕೈಗಿಟ್ಟ. “ಪುಟ್ಟಿ, ಒಳ್ಳೆ ಮನುಷ್ಯ ಕಣೇ ಅವನು.”

ಕಾಫಿ ಅಲ್ಲೇ ಆರಿತು. ಅವಳು ಆಗಲೇ ಸೈಕಲ್ ಹೊತ್ತು ಮೆಟ್ಟಿಲು ಇಳಿಯುತ್ತಿದ್ದಳು.

ಅಂಗಡಿಯ ಶಟರ್ ಅರ್ಧ ತೆರೆದಿತ್ತು. ಅವನು ಅವಳನ್ನು ನೋಡಿ ಎದ್ದು ನಿಂತ. ತಪ್ಪಾಯಿತು ಅಂದಳು, ಕೊಳವೆಯ ವಿಷಯ ಹೇಳಿದಳು, ಅಣ್ಣ ಎಲ್ಲ ಹೇಳಿದ ಅಂತಲೂ ಹೇಳಿದಳು.

ದಿನಾ ಯಾಕೆ ನೋಡಬಾರದು ಅಂತ ತಾನೇ ಮೊದಲು ಬಿಡಿಸಿ ಹೇಳಬೇಕಿತ್ತು, ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿರುತ್ತೆ ಅಂದುಕೊಳ್ಳುವ ಕೆಟ್ಟ ಚಾಳಿ ಇದೆ ಅಂತ ಅವನು ಒಪ್ಪಿಕೊಂಡ. ಆಮೇಲೆ ಗಾಳಿ ನೂರೈವತ್ತಕ್ಕೆ ಏರಿಸಿ, ಮತ್ತೆ ಅವಳನ್ನು ಹತ್ತಿಸಿ ಅಳೆದ. ಹದಿನಾಲ್ಕು ಮಿಲಿಮೀಟರ್. ಏನೂ ಕೆಟ್ಟಿರಲಿಲ್ಲ.

ಹೊರಡುವಾಗ ಅವಳೇ ಕೇಳಿದಳು, “ಇನ್ನೇನಾದ್ರೂ ಹೇಳೋದಿದೆಯಾ?”

ಅವನು ಬಾಯಿ ತೆರೆದ. ಮುಚ್ಚಿದ.

“ನಾಳೆ ಮುಗೀಲಿ,” ಅಂದ.

ಅಷ್ಟೇನಾ? ಅವಳಿಗೆ ಪಿಚ್ಚೆನಿಸಿತು. ಪರವಾಗಿಲ್ಲ, ಮೊದಲು ಬೆಟ್ಟ, ಆಮೇಲೆ ಬೇರೆಲ್ಲ ಅಂತ ಹಲ್ಲುಕಚ್ಚಿ ಪೆಡಲ್ ತುಳಿದಳು.

ಭಾನುವಾರ ಬೆಟ್ಟದ ತುದಿಯಿಂದ ಒಬ್ಬೊಬ್ಬರನ್ನೇ ಬಿಟ್ಟರು. ಅವಳ ಸರದಿ ಹನ್ನೊಂದನೆಯದು. ಕಾಡಿನ ತಿರುವುಗಳು, ಬೇರುಗಳು, ಸಡಿಲ ಜಲ್ಲಿ... ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡು ಬರುತ್ತಿತ್ತು. ಆಮೇಲೆ ಮರಗಳು ಮುಗಿದು ಹಲ್ಲುಮುರುಕ ಬಂತು.

ಕೊರಳೆಲುಬು ಚುಳ್ಳೆಂದಿತು. ಬೆರಳು ತಾನಾಗಿಯೇ ಬ್ರೇಕಿನ ಮೇಲೆ ಬಿಗಿಯಿತು. *ನಿಲ್ಲಿಸು, ನಿಲ್ಲಿಸು!* ಅಂತ ಮೈಯೆಲ್ಲ ಕೂಗುತ್ತಿತ್ತು. ನಿಲ್ಲಿಸಿದರೆ ನೋವಿಲ್ಲ. ನಿಲ್ಲಿಸಿದರೆ ನಾಳೆಯಿಂದ ಸೈಕಲ್ಲೂ ಇಲ್ಲ.

ಇಲ್ಲ. ಇವತ್ತು ನಾನು ಇಳೀತೀನಿ.

ಬೆರಳು ಸಡಿಲಿಸಿದಳು. ಬಂಡೆಯ ಅಂಚು ಜಾರಿ ಹಿಂದಕ್ಕೆ ಹೋಯಿತು. ಒಂದು ಕ್ಷಣ ಕೆಳಗೆ ಏನೂ ಇರಲಿಲ್ಲ. ಚಕ್ರ ನೆಲಕ್ಕೆ ಬಡಿಯಿತು, ಶಾಕ್ ಪೂರ್ತಿ ಕುಗ್ಗಿತು... ಮತ್ತೆ ನಿಧಾನವಾಗಿ, ಬಹಳ ನಿಧಾನವಾಗಿ ಮೇಲೆ ಬಂತು. ಅವಳು ಸೈಕಲ್ ಮೇಲೇ ಇದ್ದಳು! ಕಿರುಚುತ್ತಾ, ಅಳುತ್ತಾ, ಎಂಥದೋ ಒಂದು ಮಾಡುತ್ತಾ ಕೊನೆಯ ಗೆರೆ ದಾಟಿದಳು.

ಹತ್ತೊಂಬತ್ತು ಜನರಲ್ಲಿ ಏಳನೆಯವಳು. ಅಣ್ಣ ಓಡಿಬಂದು ತಬ್ಬಿಕೊಂಡ. ಸೈಕಲ್ ಇನ್ನು ನಿನ್ನದೇ, ನಾನು ಬಾಯಿ ಬಿಡಲ್ಲ ಅಂತ ಹೇಳಿ, ಕಣ್ಣೊರೆಸಿಕೊಳ್ಳಲು ಅತ್ತ ತಿರುಗಿದ.

ಮೆಕ್ಯಾನಿಕ್ ಜನರ ಹಿಂದಿನಿಂದ ಬಂದ. ಅವಳು ನೆಟ್ಟಗೆ ಅವನ ಎದುರು ಹೋಗಿ ನಿಂತಳು. ಹಲ್ಲುಮುರುಕವನ್ನೇ ಇಳಿದವಳಿಗೆ ಇನ್ನೇನು ಹೆದರಿಕೆ?

“ನಂಗೆ ನೀವು ಇಷ್ಟ. ತುಂಬಾ ಇಷ್ಟ.”

ಅವನ ಕಿವಿ ಕೆಂಪಾಯಿತು. “ನಿಮ್ಮಣ್ಣ ಕೇಳಿಸ್ಕೊಳ್ತಿದ್ದಾರೆ.”

“ಕೇಳಿಸ್ಕೊಳ್ಳಲಿ. ನಿನ್ನೆ ಏನೋ ಹೇಳಕ್ಕೆ ಹೋಗಿ ನಿಲ್ಲಿಸಿದ್ರಲ್ಲ, ಏನದು?”

“ಇದೇ. ನಾನೂ ಇದನ್ನೇ ಹೇಳೋನಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ? ರಾತ್ರಿಯೆಲ್ಲ ನಿದ್ದೆಗೆಟ್ಟೆ ನಾನು.”

ಅವನು ಬೆಟ್ಟದ ಕಡೆ ಒಮ್ಮೆ ನೋಡಿದ. ತಾನು ಇಷ್ಟು ಹೊತ್ತು ಹಲ್ಲುಮುರುಕದ ಕೆಳಗೇ ಇದ್ದುದಾಗಿ ಹೇಳಿದ. ಕಾಣಲೇ ಇಲ್ಲವಲ್ಲ ಅಂದಳು ಅವಳು.

“ಕಾಣದ ಹಾಗೇ ನಿಂತಿದ್ದೆ. ನಿನ್ನೆಯೇ ಹೇಳಿದ್ದಿದ್ರೆ, ಆ ಬಂಡೆ ಮೇಲೆ ನಿಮ್ಮ ಕಣ್ಣು ನನ್ನ ಹುಡುಕ್ತಿತ್ತು. ಅಲ್ಲಿ ನೀವು ದಾರಿ ಬಿಟ್ಟು ಬೇರೇನೂ ನೋಡಬಾರದಿತ್ತು.”

ಅವಳು ಹೆಲ್ಮೆಟ್ ತೆಗೆದಳು. ಮುಖದ ಮೇಲೆ ಧೂಳು, ಬೆವರು, ಕಣ್ಣೀರು ಎಲ್ಲ ಬೆರೆತು ಹೋಗಿತ್ತು.

“ಈಗ ನೋಡಬಹುದಾ?”

ಅವನು ಮೊದಲ ಬಾರಿಗೆ ನಕ್ಕ.

“ನೋಡು,” ಅಂದ.